ಡಯೋಡ್ ಹಾಕಿದ್ರೂ ಅಲೆ ಸರಿಯಾಗಿ ಕಟ್ ಆಗ್ತಿಲ್ಲ, ಕ್ಲ್ಯಾಂಪರ್ ಮೇಲಕ್ಕೆ ಏರ್ತಿಲ್ಲ. ಎಲ್ಲಿ ತಪ್ಪಿದೀನಿ?

ಗುಬ್ಬಿ ಅಡಿಕೆತೋಟ

ಎಲ್ಲರಿಗೂ ನಮಸ್ಕಾರ. ತುಮಕೂರಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದ್ತಿದೀನಿ, ಐದನೇ ಸೆಮಿಸ್ಟರ್. ಊರು ಗುಬ್ಬಿ ತಾಲೂಕು. ಮನೇಲಿ ಎರಡೂವರೆ ಎಕರೆ ಅಡಿಕೆ, ಒಂದೇ ಬೋರು. ತ್ರೀ ಫೇಸ್ ಎಷ್ಟೋ ಸಲ ರಾತ್ರಿ ಹೊತ್ತೇ ಬರುತ್ತೆ. ಅಪ್ಪ ಟಾರ್ಚ್ ಹಿಡ್ಕೊಂಡು ಪಂಪ್‌ಹೌಸಿಗೆ ಹೋಗಿ, ಪ್ಯಾನೆಲ್ ಮೇಲೆ ಮೂರೂ ಲೈಟು ಉರೀತಿದೆಯಾ ನೋಡಿ ಆನ್ ಮಾಡ್ತಾರೆ. ಹೋದ ಬೇಸಿಗೇಲಿ ಒಂದು ಫೇಸ್ ಇಲ್ಲದೇ ಇದ್ದಾಗ ಸ್ಟಾರ್ಟ್ ಆಗಿ ಮೋಟರ್ ಸುಟ್ಟುಹೋಯ್ತು. ಎತ್ತಿಸಿ ವೈಂಡಿಂಗ್ ಮಾಡಿಸಿ ಇಳಿಸೋ ಅಷ್ಟರಲ್ಲಿ ಹತ್ತು ದಿನ, ತೋಟ ಬಾಡಿತ್ತು. ಅದಕ್ಕೇ ಪ್ರಾಜೆಕ್ಟಿಗೆ ಇದನ್ನೇ ತಗೊಂಡೆ: ಮೂರು ಫೇಸೂ ಇದ್ರೆ ಮಾತ್ರ ಸ್ಟಾರ್ಟರ್‌ಗೆ ಒಪ್ಪಿಗೆ ಕೊಡೋ ಒಂದು ಆರ್ಡುಯಿನೊ ಊನೊ (ಪ್ರೋಗ್ರಾಂ ಬರೆದು ನಡೆಸೋ ಸಣ್ಣ ಕಂಟ್ರೋಲರ್) ಬೋರ್ಡು.

ನೇರವಾಗಿ 230 ವೋಲ್ಟಿಗೆ ಕೈ ಹಾಕೋ ಧೈರ್ಯ ಇಲ್ಲ. ಮೊದಲು 6-0-6 ಟ್ರಾನ್ಸ್‌ಫಾರ್ಮರ್ ಇಟ್ಕೊಂಡು, ಅರ್ಧ ವೈಂಡಿಂಗ್‌ನಿಂದ ಅಲೆ ತಗೊಂಡು ಬ್ರೆಡ್‌ಬೋರ್ಡ್ ಮೇಲೆ ಪ್ರಯತ್ನ ಮಾಡ್ತಿದೀನಿ. ಲೋಡ್ ಇಲ್ಲದಾಗ ಮೀಟರ್ 7 ವೋಲ್ಟ್ ತೋರಿಸ್ತು, ಅಂದ್ರೆ ಪೀಕ್ (ಅಲೆಯ ತುದಿ) ಸುಮಾರು 10. ಅಲೆಯ ಆಕಾರ ನೋಡೋಕೆ ಡಿಎಸ್‌ಒ138 ಕಿಟ್ ಸ್ಕೋಪ್ ಇದೆ, ನಾನೇ ಬೆಸುಗೆ ಹಾಕಿ ಮಾಡಿದ್ದು. ಮೂರು ಕಡೆ ಸಿಕ್ಕಿಹಾಕ್ಕೊಂಡಿದೀನಿ.

ಮೊದಲನೇದು. 100 ಓಮ್ ರೆಸಿಸ್ಟರ್ ಆದ್ಮೇಲೆ 1ಎನ್4007 ಡಯೋಡನ್ನ ಗ್ರೌಂಡ್‌ಗೆ, ಅದರ ಮೈಮೇಲಿನ ಪಟ್ಟೆ ಸಿಗ್ನಲ್ ಕಡೆ. ಕೆಳಗಿನ ಅರ್ಧ ಕಟ್ ಆಗಿ ಮೈನಸ್ 0.7ಕ್ಕೆ ನಿಲ್ಲಬೇಕಿತ್ತು. ನಿಂತಿದ್ದು 0.8 ದಾಟಿ, ತಳ ಮಟ್ಟವಾಗಿಲ್ಲ, ಹೊಟ್ಟೆ ಬಂದ ಹಾಗೆ ಕೆಳಕ್ಕೆ ಬಾಗಿದೆ. ರೆಸಿಸ್ಟರ್ ಮುಟ್ಟಿದ್ರೆ ಬೆರಳು ಸುಡುತ್ತೆ. ಹಾಗೇ ಊನೊ ಪಿನ್‌ಗೆ ಕೊಟ್ಟೆ, ಪಿನ್ ಸತ್ತುಹೋಯ್ತು.

ಎರಡನೇದು. ಮೇಲಿನ ಅರ್ಧವನ್ನ 5.7ಕ್ಕೆ ಕತ್ತರಿಸೋಣ ಅಂತ 7805 ರೆಗ್ಯುಲೇಟರಿನ 5 ವೋಲ್ಟನ್ನೇ ಬಯಾಸ್ ಆಗಿ ಇಟ್ಟು, 220 ಓಮ್ ಹಾಕಿ ಇನ್ನೊಂದು ಡಯೋಡ್ ಕೂರಿಸ್ದೆ. 5.7ರಲ್ಲಿ ನಿಲ್ಲಲಿಲ್ಲ, 7 ದಾಟಿ ಹೋಗ್ತಿದೆ. 7805 ಹೊಸದು ಹಾಕಿದ್ರೂ ಅದೇ ಕತೆ.

ಮೂರನೇದು ಕ್ಲ್ಯಾಂಪರ್, ಅಂದ್ರೆ ಇಡೀ ಅಲೆಯನ್ನ ಮೇಲಕ್ಕೆ ಎತ್ತೋ ಸರ್ಕ್ಯೂಟು. 1 ಮೈಕ್ರೊಫ್ಯಾರಡ್ ಕೆಪಾಸಿಟರ್, 10 ಕೆ (10,000 ಓಮ್) ರೆಸಿಸ್ಟರ್, ಡಯೋಡ್. ರೆಕಾರ್ಡ್ ಬುಕ್ಕಲ್ಲಿ ಬರೆದ ಅದೇ ಸರ್ಕ್ಯೂಟು, ಲ್ಯಾಬಲ್ಲಿ ಸರಿಯಾಗಿ ಬಂದಿತ್ತು. ಇಲ್ಲಿ ಅಲೆ ಮೇಲಕ್ಕೆ ಏರೋದೇ ಇಲ್ಲ, ಆಕಾರ ಬೇರೆ ಓರೆ ಆಗಿದೆ.

ಮಾರ್ಕ್ಸಿಗೆ ಅಂತಾದ್ರೆ ಹೇಗೋ ಬರೆದುಬಿಡ್ತಿದ್ದೆ. ಇದು ನಮ್ಮ ಪಂಪ್‌ಹೌಸಲ್ಲಿ ಕೂರಬೇಕು. ದಯವಿಟ್ಟು ಬಿಡಿಸಿ ಹೇಳಿ.

---

ಗುಬ್ಬಿಗೇಟ್ ರೇಡಿಯೊ

ತಮ್ಮಾ, ಪ್ರಶ್ನೆ ಚೆನ್ನಾಗಿ ಕೇಳಿದೀಯ. ಬೆಲೆ ಎಷ್ಟು, ಪೀಕ್ ಎಷ್ಟು, ಯಾವ ಭಾಗ ಬಿಸಿಯಾಯ್ತು ಅಂತೆಲ್ಲ ಬರೆದಿರೋದ್ರಿಂದ ಉತ್ತರ ಅರ್ಧ ನಿನ್ನ ಪ್ರಶ್ನೆಯೊಳಗೇ ಇದೆ. ನಾನು ಮೂವತ್ತೆಂಟು ವರ್ಷ ರೇಡಿಯೊ, ಟಿವಿ ರಿಪೇರಿ ಮಾಡಿದವನು, ತುಮಕೂರಲ್ಲೇ ಅಂಗಡಿ ಇತ್ತು. ಡಯೋಡ್ ಬಗ್ಗೆ ನನ್ನ ಗುರುಗಳು ಮೊದಲ ದಿನ ಹೇಳಿದ ಒಂದು ಮಾತಿಂದ ಶುರು ಮಾಡ್ತೀನಿ: ಅಲೆ ಕತ್ತರಿಸೋದು ಡಯೋಡ್ ಅಲ್ಲ. ಅದು ದಾರಿ ಬಿಡುತ್ತೆ ಅಷ್ಟೆ. ಹೆಚ್ಚಿನ ವೋಲ್ಟೇಜನ್ನ ತನ್ನ ಮೈಮೇಲೆ ಹಾಕ್ಕೊಳ್ಳೋದು ರೆಸಿಸ್ಟರ್.

ಕೆರೆ ಕೋಡಿ ನೋಡಿದೀಯಲ್ಲ. ನೀರು ಕೋಡಿ ಮಟ್ಟ ಮುಟ್ಟೋ ತನಕ ಕೋಡಿಗೆ ಕೆಲಸವಿಲ್ಲ. ಮುಟ್ಟಿದ ಮೇಲೆ ಎಷ್ಟು ಬಂದ್ರೂ ಆಚೆ ಹರಿಯುತ್ತೆ, ಕೆರೆ ಮಟ್ಟ ಅಲ್ಲೇ ನಿಲ್ಲುತ್ತೆ. ಸಿಲಿಕಾನ್ ಡಯೋಡಿನ ಕೋಡಿ ಎತ್ತರ 0.6ರಿಂದ 0.7 ವೋಲ್ಟು. ಆದ್ರೆ ಕೆರೆಗೆ ನೀರು ತರೋ ಕಾಲುವೆ ಕಿರಿದಾಗಿದ್ರೆ ಮಾತ್ರ ಮಟ್ಟ ಕೋಡಿ ಅಂಚಲ್ಲೇ ನಿಲ್ಲುತ್ತೆ. ಹೊಳೆಯನ್ನೇ ಕೆರೆಗೆ ತಿರುಗಿಸಿದ್ರೆ ನೀರು ಕೋಡಿ ಮೇಲೂ ಮೊಳದುದ್ದ ಏರಿ ಹರಿಯುತ್ತೆ. ನಿನ್ನ 100 ಓಮ್ ಆ ಹೊಳೆ.

ಲೆಕ್ಕ ಹಾಕು. ಪೀಕಲ್ಲಿ 10 ವೋಲ್ಟು, ಡಯೋಡಿಗೆ 0.8 ಬಿಟ್ರೆ ಉಳಿದ 9.2 ವೋಲ್ಟು ಪೂರ್ತಿ 100 ಓಮ್ ಮೇಲೆ. ಅಂದ್ರೆ 92 ಮಿಲಿಆಂಪ್ ಹರಿಯುತ್ತೆ. ಡಯೋಡು 0.7ಕ್ಕೆ ಬೀಗ ಹಾಕಿದ ಹಾಗೆ ನಿಲ್ಲೋದಲ್ಲ, ಕರೆಂಟ್ ಹತ್ತು ಪಟ್ಟು ಏರಿದ ಹಾಗೆಲ್ಲ ಅದರ ವೋಲ್ಟೇಜು ಸ್ವಲ್ಪ ಸ್ವಲ್ಪ ಏರುತ್ತೆ. 1 ಮಿಲಿಆಂಪಿಗೆ 0.6 ಇದ್ದದ್ದು 90ಕ್ಕೆ 0.8 ಆಗೋದು ಸಹಜ. ಅಲೆ ಏರಿ ಇಳಿದ ಹಾಗೆ ಕರೆಂಟೂ ಏರಿ ಇಳಿಯುತ್ತೆ, ನೀನು ಕಂಡ ಹೊಟ್ಟೆ ಅದೇ. ಬಿಸಿ ಯಾಕೆ? ಅರ್ಧ ಸೈಕಲ್ ಮಾತ್ರ ಹರಿದ್ರೂ ಆ ರೆಸಿಸ್ಟರಲ್ಲಿ ಸುಮಾರು ಕಾಲು ವಾಟ್ ಸುಡ್ತಿದೆ. ನೀನು ಹಾಕಿರೋದು ಕಾಲು ವಾಟಿನ ರೆಸಿಸ್ಟರ್ ಇರಬೇಕು, ಅದರ ಕೊನೆ ಮಿತಿ ಅದು.

100 ತೆಗೆದು 10 ಕೆ ಹಾಕು. ಕರೆಂಟು 1 ಮಿಲಿಆಂಪಿಗಿಂತ ಕಡಿಮೆ ಆಗುತ್ತೆ, ತಳ ಹಲಗೆ ಹಾಸಿದ ಹಾಗೆ ಮಟ್ಟವಾಗುತ್ತೆ, ರೆಸಿಸ್ಟರ್ ತಣ್ಣಗಿರುತ್ತೆ.

ಪಿನ್ ಸತ್ತದ್ದಕ್ಕೆ ಕಾರಣ ಕೆಳಗಿನ ಅರ್ಧವಲ್ಲ, ನೀನು ಹಾಗೇ ಬಿಟ್ಟ ಮೇಲಿನ ಅರ್ಧ. ಊನೊದ ಅಟ್ಮೆಗಾ328 ಚಿಪ್ಪಿನ ಪಿನ್‌ಗೆ ಸಪ್ಲೈಗಿಂತ 0.5 ವೋಲ್ಟ್ ಮೇಲೆ, ಗ್ರೌಂಡಿಗಿಂತ 0.5 ಕೆಳಗೆ, ಇಷ್ಟೇ ಗಡಿ. ಚಿಪ್ಪಿನೊಳಗೂ ಪ್ರತಿ ಪಿನ್‌ಗೆ ಎರಡು ಸಣ್ಣ ಡಯೋಡ್ ಇವೆ, ಅವೂ ಕ್ಲಿಪ್ಪರ್‌ಗಳೇ, ಅಂದ್ರೆ ಅಲೆ ಕತ್ತರಿಸುವಂಥವೇ. 10 ವೋಲ್ಟ್ ಬಂದಾಗ ನಿನ್ನ 100 ಓಮ್ ಮೂಲಕ 40 ಮಿಲಿಆಂಪಿಗೂ ಮೇಲೆ ಆ ಕೂದಲಂಥ ಡಯೋಡಿಗೆ ನುಗ್ಗಿದೆ, ಸೆಕೆಂಡಿಗೆ 50 ಸಲ. ಸಾಯದೆ ಇನ್ನೇನು ಮಾಡೀತು?

ಎರಡನೇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಇದನ್ನ ಯಾವ ರೆಕಾರ್ಡ್ ಬುಕ್ಕಲ್ಲೂ ಬರೆಸೋದಿಲ್ಲ. ಬಯಾಸ್ ಅಂದ್ರೆ ಕೋಡಿ ಮೇಲೆ ಮರಳು ಚೀಲ ಇಟ್ಟು ಎತ್ತರಿಸಿದ ಹಾಗೆ: 0.7ರ ಕೋಡಿ 5.7 ಆಯ್ತು. ಸರಿ. ಆದ್ರೆ ಕೋಡಿ ದಾಟಿದ ನೀರು ಎಲ್ಲಿಗೆ ಹೋಗಬೇಕು? ಡಯೋಡ್ ದಾಟಿದ ಕರೆಂಟು 7805ರ ಔಟ್‌ಪುಟ್ ಪಿನ್ ಕಡೆಯಿಂದ ಒಳಗೆ ನುಗ್ಗುತ್ತೆ. 7805 ಕರೆಂಟ್ ಕೊಡಬಲ್ಲದು, ತಗೊಳ್ಳಲಾರದು. ಆಚೆ ಹೋಗೋಕೆ ಹಳ್ಳವೇ ಇಲ್ಲದ ಕೋಡಿ ಅದು. ಹಾಗಾಗಿ 5 ವೋಲ್ಟಿನ ಗೆರೆಯೇ ಮೇಲೆದ್ದು, ಜೊತೆಗೆ ನಿನ್ನ ಕಟ್ ಆಗೋ ಮಟ್ಟವೂ ಏರ್ತಿದೆ. ಪುಸ್ತಕದ ಚಿತ್ರದಲ್ಲಿ ಬ್ಯಾಟರಿ ಬರೆದಿರ್ತಾರೆ, ಬ್ಯಾಟರಿ ಒಳಕ್ಕೂ ತಗೊಳ್ಳುತ್ತೆ. ರೆಗ್ಯುಲೇಟರು ಬ್ಯಾಟರಿಯಲ್ಲ.

ಪರೀಕ್ಷೆ ಮಾಡಿ ನೋಡು. ಮೀಟರನ್ನ 7805ರ ಔಟ್‌ಪುಟ್ ಮೇಲಿಟ್ಟು ಟ್ರಾನ್ಸ್‌ಫಾರ್ಮರ್ ಆನ್ ಮಾಡು, 5ರಿಂದ ಏರೋದು ಕಣ್ಣಿಗೆ ಕಾಣುತ್ತೆ. ಆಮೇಲೆ ಔಟ್‌ಪುಟ್‌ನಿಂದ ಗ್ರೌಂಡಿಗೆ 150 ಓಮ್ ಹಾಕು. ಅದು ತಾನೇ 33 ಮಿಲಿಆಂಪ್ ಕುಡಿಯುತ್ತೆ, ನಿನ್ನ ಡಯೋಡ್ ತಳ್ಳೋ 20 ಮಿಲಿಆಂಪೂ ಅದರೊಳಗೇ ಹೋಗುತ್ತೆ. ಮಟ್ಟ ಇಳಿದು ತನ್ನ ಜಾಗಕ್ಕೆ ಬರುತ್ತೆ. ಇದು ಕಾರಣ ಅರ್ಥ ಆಗ್ಲಿ ಅಂತ. ಕೊನೇ ಸರ್ಕ್ಯೂಟಿಗೆ ಇಲ್ಲೂ 10 ಕೆ ಹಾಕಿಬಿಡು, ತಳ್ಳೋ ಕರೆಂಟೇ ಅರ್ಧ ಮಿಲಿಆಂಪ್ ಒಳಗೆ ಬರುತ್ತೆ.

ಕ್ಲ್ಯಾಂಪರ್ ಬಗ್ಗೆ ಸಂಜೆ ಬರೀತೀನಿ. ಅಷ್ಟರಲ್ಲಿ ನಿನ್ನ ಡಿಎಸ್‌ಒ138ರ ಎಡಗಡೆ ಇರೋ ಸಣ್ಣ ಜಾರು ಸ್ವಿಚ್ ಎಸಿ ಮೇಲಿದೆಯೋ ಡಿಸಿ ಮೇಲಿದೆಯೋ ನೋಡಿಟ್ಟಿರು.

---

ಗುಬ್ಬಿ ಅಡಿಕೆತೋಟ

ಸರ್, ನೀವು ಹೇಳಿದ ಹಾಗೆ ಮೀಟರ್ ಇಟ್ಟೆ. 5.02 ಇದ್ದದ್ದು ನೋಡ್ತಾ ನೋಡ್ತಾ 6.4ಕ್ಕೆ ಹೋಯ್ತು! ಎರಡು ದಿನ 7805ನ ಬಯ್ದುಕೊಂಡು ಕೂತಿದ್ದೆ. 150 ಓಮ್ ಇರಲಿಲ್ಲ, 100 ಮತ್ತು 47 ಸೇರಿಸಿ ಹಾಕ್ದೆ, ತಕ್ಷಣ 5.02ಕ್ಕೆ ಇಳೀತು. 10 ಕೆ ಹಾಕಿದ ಮೇಲೆ ಕೆಳಗಿನ ಕಟ್ ಮೈನಸ್ 0.6, ಗೆರೆ ಎಳೆದ ಹಾಗಿದೆ.

ಸ್ವಿಚ್ ಎಸಿ ಮೇಲಿದೆ ಸರ್.

---

ಗುಬ್ಬಿಗೇಟ್ ರೇಡಿಯೊ

ಹಾಗಂತ ಗೊತ್ತಿತ್ತು ಕಣಪ್ಪ. ಎಸಿ ಕಡೆ ಇಟ್ರೆ ಸ್ಕೋಪಿನ ಬಾಗಿಲಲ್ಲಿ ಒಂದು ಕೆಪಾಸಿಟರ್ ಕೂತಿರುತ್ತೆ. ಬಂದ ಅಲೆಯಲ್ಲಿ ಡಿಸಿ ಎಷ್ಟಿದ್ರೂ ಹೊರಗೇ ನಿಲ್ಲಿಸಿ, ಅಲೆಯ ಸರಾಸರಿಯನ್ನ ಸೊನ್ನೆ ಗೆರೆ ಮೇಲೆ ಕೂರಿಸುತ್ತೆ. ಕ್ಲ್ಯಾಂಪರ್ ಮಾಡೋ ಕೆಲಸವೇ ಅಲೆಗೆ ಡಿಸಿ ಸೇರಿಸೋದು. ನೀನು ಏರಿಸಿದ್ದನ್ನೆಲ್ಲ ಸ್ಕೋಪ್ ಇಳಿಸಿ ತೋರಿಸ್ತಿತ್ತು. ಡಿಸಿಗೆ ಜಾರಿಸು.

ಓರೆಯಾದದ್ದು ಬೇರೆ ಕಾರಣ. ಕ್ಲ್ಯಾಂಪರ್‌ನ ಹೀಗೆ ನೋಡು: ಕೆಪಾಸಿಟರ್ ಅಂದ್ರೆ ತಾನೇ ತುಂಬಿಕೊಳ್ಳೋ ಸಣ್ಣ ಬ್ಯಾಟರಿ. ಅಲೆ ಕೆಳಗೆ ಹೋದಾಗ ಡಯೋಡ್ ದಾರಿ ಬಿಟ್ಟು ಅದನ್ನ ಪೀಕಿನಷ್ಟು, ಅಂದ್ರೆ ನಿನ್ನ ಲೆಕ್ಕಕ್ಕೆ 9.3 ವೋಲ್ಟಿಗೆ, ತುಂಬಿಸುತ್ತೆ. ಆಮೇಲೆ ಅಲೆ ಏರಿದಾಗ ಡಯೋಡ್ ಬಾಗಿಲು ಮುಚ್ಚುತ್ತೆ, ತುಂಬಿದ ಬ್ಯಾಟರಿ ಅಲೆಗೆ ಸರಣಿಯಲ್ಲಿ ಸೇರಿಕೊಂಡು ಇಡೀ ಅಲೆಯನ್ನ ಎತ್ತಿ ಹಿಡಿಯುತ್ತೆ. ಆದ್ರೆ ಪಕ್ಕದಲ್ಲಿರೋ ರೆಸಿಸ್ಟರ್ ಆ ಬ್ಯಾಟರಿಯನ್ನ ಸೋರಿಸ್ತಾನೇ ಇರುತ್ತೆ. ಒಂದು ಸೈಕಲ್ ಮುಗಿಯೋದ್ರೊಳಗೆ ಸೋರಿಹೋಗಬಾರದು.

ಲ್ಯಾಬಲ್ಲಿ ನಿಮಗೆ 1 ಕಿಲೊಹರ್ಟ್ಸ್ ಕೊಟ್ಟಿರ್ತಾರೆ, ಒಂದು ಸೈಕಲ್‌ಗೆ 1 ಮಿಲಿಸೆಕೆಂಡು. 1 ಮೈಕ್ರೊಫ್ಯಾರಡ್ ಇಂಟು 10 ಕೆ ಅಂದ್ರೆ 10 ಮಿಲಿಸೆಕೆಂಡು, ಸೈಕಲ್‌ಗಿಂತ ಹತ್ತು ಪಟ್ಟು, ಸಾಕು. ಮನೆ ಕರೆಂಟು 50 ಹರ್ಟ್ಸು, ಒಂದು ಸೈಕಲ್‌ಗೆ 20 ಮಿಲಿಸೆಕೆಂಡು. ನಿನ್ನ ಅದೇ 10 ಮಿಲಿಸೆಕೆಂಡು ಈಗ ಅರ್ಧ ಸೈಕಲ್ಲು ಮಾತ್ರ. ತುಂಬಿದ್ದು ಅಲೆ ಮೇಲಿರುವಾಗಲೇ ಸೋರಿ, ಆಕಾರ ಕೆಡುತ್ತೆ. ಸರ್ಕ್ಯೂಟ್ ಸರಿ, ಬೆಲೆ ಬೇರೆ ಊರಿನದು.

10 ಮೈಕ್ರೊಫ್ಯಾರಡ್, 100 ಕೆ ಹಾಕು. 1 ಸೆಕೆಂಡ್ ಆಯ್ತು, ಸೈಕಲ್‌ಗಿಂತ ಐವತ್ತು ಪಟ್ಟು. ಒಂದು ಸೈಕಲ್‌ನಲ್ಲಿ ಸೋರೋದು ನೂರಕ್ಕೆ ಎರಡು ಭಾಗ. 25 ವೋಲ್ಟಿನ ಎಲೆಕ್ಟ್ರೊಲಿಟಿಕ್ ಹಾಕ್ತೀಯಾದ್ರೆ ಅದರ ಪ್ಲಸ್ ಕಾಲು ಡಯೋಡಿನ ಕಡೆ ಬರಲಿ, ಟ್ರಾನ್ಸ್‌ಫಾರ್ಮರ್ ಕಡೆ ಅಲ್ಲ. ಅಲೆಯನ್ನ ಮೇಲಕ್ಕೆ ಎತ್ತೋ ಕ್ಲ್ಯಾಂಪರಲ್ಲಿ ಡಯೋಡಿನ ಪಟ್ಟೆಯೂ ಅದೇ ಜಾಗಕ್ಕೆ, ಇನ್ನೊಂದು ಕಾಲು ಗ್ರೌಂಡಿಗೆ. ತಿರುಗಿಸಿ ಹಾಕಿದ್ರೆ ಕೆಪಾಸಿಟರ್ ಉಬ್ಬುತ್ತೆ.

ನಿನ್ನ ಪ್ರಾಜೆಕ್ಟಿಗೆ ಕ್ಲ್ಯಾಂಪರ್ ಬೇಕಾಗೋದಿಲ್ಲ, ಆದ್ರೂ ಬಿಡಬೇಡ, ಕಲಿ. ಯಾಕೆ ಅಂತ ಒಂದು ಸಂಗತಿ ಹೇಳ್ತೀನಿ. 1988ರ ಸುಮಾರು, ಒಂದು ಕಪ್ಪು ಬಿಳುಪು ಟಿವಿ ಬಂತು. ಮನೆಯವರ ದೂರು ಏನಂದ್ರೆ, "ಹಗಲಿನ ಸೀನು ಚೆನ್ನಾಗಿ ಕಾಣುತ್ತೆ, ರಾತ್ರಿ ಸೀನು ಬಂದ್ರೆ ಮಂಜು ಕವಿದ ಹಾಗೆ ಬೂದಿ ಬಣ್ಣ. ಬ್ರೈಟ್‌ನೆಸ್ ಇಳಿಸಿದ್ರೆ ಮುಂದಿನ ಸೀನಲ್ಲಿ ಎಲ್ಲರ ಮುಖವೂ ಕಪ್ಪು." ಭಾನುವಾರ ಸಂಜೆ ಸಿನಿಮಾ ನೋಡ್ತಾ ಒಬ್ಬರು ಗುಂಡಿ ಹಿಡ್ಕೊಂಡೇ ಕೂತಿರ್ತಿದ್ರಂತೆ. ಪಿಕ್ಚರ್ ಟ್ಯೂಬ್ ಹೋಗಿದೆ ಅಂತ ಬೇರೆ ಕಡೆ ಹೇಳಿ ಕಳಿಸಿದ್ರು.

ಪಿಕ್ಚರ್ ಟ್ಯೂಬ್ ಗಟ್ಟಿಮುಟ್ಟಾಗಿತ್ತು. ಚಿತ್ರದ ಸಿಗ್ನಲ್ ಒಂದು ಕೆಪಾಸಿಟರ್ ದಾಟಿ ಬರುವಾಗ ತನ್ನ ಡಿಸಿ ಕಳ್ಕೊಳ್ಳುತ್ತೆ, ನಿನ್ನ ಸ್ಕೋಪಿನ ಎಸಿ ಸ್ವಿಚ್ಚಿನ ಹಾಗೇ. ಕಪ್ಪು ಅಂದ್ರೆ ಎಷ್ಟು ವೋಲ್ಟು ಅನ್ನೋದೇ ಮರೆತುಹೋಗುತ್ತೆ, ಎಲ್ಲಾ ಸೀನೂ ಸರಾಸರಿ ಬೂದಿಗೆ ಬಂದು ಕೂರುತ್ತೆ. ಅದನ್ನ ವಾಪಸ್ ಕೂರಿಸೋಕೇ ಒಂದು ಡಯೋಡ್ ಇರುತ್ತೆ. ನಮ್ಮ ಟಿವಿ ಪದ್ಧತಿಯಲ್ಲಿ ಒಂದು ಗೆರೆಗೆ 64 ಮೈಕ್ರೊಸೆಕೆಂಡು, ಪ್ರತಿ ಗೆರೆ ಕೊನೆಗೂ ಒಂದು ಸಿಂಕ್ ಪಲ್ಸು. ಆ ಪಲ್ಸಿನ ತುದಿ ಹಿಡಿದು ಡಯೋಡು ಇಡೀ ಅಲೆಯನ್ನ ಒಂದೇ ಮಟ್ಟಕ್ಕೆ ಕಟ್ಟಿಹಾಕುತ್ತೆ, ಸೆಕೆಂಡಿಗೆ 15,625 ಸಲ. ಆ ಡಯೋಡಿನ ಒಂದು ಕಾಲು ಬಿಚ್ಚಿ ಮೀಟರ್ ಇಟ್ಟೆ, ಎರಡೂ ಕಡೆ ಮುಳ್ಳು ಅಲ್ಲಾಡಲಿಲ್ಲ. ಗಾಜಿನ ಮೈ, ಒಳಗೆ ಕೂದಲೆಳೆ ಬಿಟ್ಟುಹೋಗಿತ್ತು. ಡ್ರಾಯರ್‌ನಲ್ಲಿದ್ದ ಇನ್ನೊಂದು ಓಎ79 ಜರ್ಮೇನಿಯಂ ಡಯೋಡ್ ಹಾಕಿದೆ, ರಾತ್ರಿ ಸೀನಲ್ಲಿ ಕಪ್ಪು ಕಪ್ಪಾಗೇ ನಿಂತಿತು. ಎರಡು ರೂಪಾಯಿ ಒಳಗಿನ ಭಾಗ.

ರೇಡಿಯೊದಲ್ಲೂ ಅದೇ ಓಎ79. ಬೆಂಗಳೂರು ಆಕಾಶವಾಣಿ 612 ಕಿಲೊಹರ್ಟ್ಸ್‌ಗೆ ತಿರುಗಿಸಿದ್ರೆ, ಸೆಟ್ಟಿನೊಳಗೆ ಅದು 455 ಕಿಲೊಹರ್ಟ್ಸ್ ಅಲೆ ಆಗಿ ಬರುತ್ತೆ, ಡಯೋಡು ಅದರ ಒಂದು ಮಗ್ಗುಲನ್ನ ಕತ್ತರಿಸಿ ಎಸೆಯುತ್ತೆ, ಒಂದು ಕೆಪಾಸಿಟರು ತುದಿಗಳನ್ನ ಮಾತ್ರ ಹಿಡ್ಕೊಳ್ಳುತ್ತೆ. ಆ ತುದಿಗಳ ಗೆರೆಯೇ ವಾರ್ತೆ ಓದುವವರ ದನಿ. ಜರ್ಮೇನಿಯಂ ಯಾಕೆ ಅಂದ್ರೆ ಅದರ ಕೋಡಿ ತಗ್ಗು, 0.2ರಿಂದ 0.3 ವೋಲ್ಟು. ದೂರದ ಸ್ಟೇಷನ್ನಿನ ಬಡಪಾಯಿ ಸಿಗ್ನಲ್ಲು ಸಿಲಿಕಾನ್ ಕೋಡಿ ಹತ್ತಲಾರದು. ಹರಳಿನಿಂದ ರೇಡಿಯೊ ಅಲೆ ಹಿಡಿಯೋ ಈ ವಿದ್ಯೆಗೆ ನಮ್ಮ ಜಗದೀಶಚಂದ್ರ ಬೋಸರು 1904ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ರು, ಅವರು ಬಳಸಿದ್ದು ಗೆಲೀನಾ ಹರಳು.

---

ಲ್ಯಾಬ್ ಮೇಡಂ, ತುಮಕೂರು

ಗುಬ್ಬಿಗೇಟ್ ಸರ್ ಹೇಳಿದ್ದಕ್ಕೆ ಎರಡು ಮಾತು ಸೇರಿಸ್ತೀನಿ. ಹದಿನಾಲ್ಕು ವರ್ಷದಿಂದ ಇದೇ ಪ್ರಯೋಗ ಮಾಡಿಸ್ತಿದೀನಿ. ರೆಕಾರ್ಡಿನಲ್ಲಿ 1 ಮೈಕ್ರೊಫ್ಯಾರಡ್, 10 ಕೆ ಅಂತ ಬರೆಸ್ತೀವಿ, ಯಾಕೆ ಅಷ್ಟೇ ಅಂತ ಕೇಳಿದವರು ಕೈಬೆರಳಲ್ಲಿ ಎಣಿಸುವಷ್ಟು. ಮುಂದಿನ ಬ್ಯಾಚಿಗೆ ಇದೇ ಬೆಲೆ ಇಟ್ಟು 50 ಹರ್ಟ್ಸಿನಲ್ಲೂ ಮಾಡಿ ನೋಡಿ ಅಂತ ಹೇಳ್ತೀನಿ.

ನಿಮ್ಮ ಕಾಲೇಜಿನ ಸಿಆರ್‌ಒದಲ್ಲಿ (ದೊಡ್ಡ ಸ್ಕೋಪ್) ಎಕ್ಸ್-ವೈ ಮೋಡ್ ಇರುತ್ತೆ, ಒಮ್ಮೆ ಬಳಸಿ. ಇನ್‌ಪುಟ್ ಎಕ್ಸ್‌ಗೆ, ಔಟ್‌ಪುಟ್ ವೈಗೆ. ಡಯೋಡ್ ಇಲ್ಲದಾಗ ಪರದೆ ಮೇಲೆ ಒಂದು ಓರೆ ಗೆರೆ. ಡಯೋಡ್ ಚುಚ್ಚಿದ ಕ್ಷಣ ಆ ಗೆರೆಯ ಒಂದು ತುದಿ ಮೊಣಕೈ ಮಡಚಿದ ಹಾಗೆ ಮಡಚಿ ಮಲಗುತ್ತೆ. ಬಯಾಸ್ ತಿರುಗಿಸಿದ್ರೆ ಮೊಣಕೈ ಮೇಲೆ ಕೆಳಗೆ ಸರಿಯುತ್ತೆ. 100 ಓಮ್, 10 ಕೆ ಎರಡನ್ನೂ ಹಾಕಿ ಮೂಲೆ ಹೇಗೆ ಬದಲಾಗುತ್ತೆ ಅಂತ ನೋಡಿ. ಅಲೆಯ ಚಿತ್ರ ಬೇರೆ ಬೇರೆ ಇನ್‌ಪುಟ್‌ಗೆ ಬದಲಾಗುತ್ತೆ, ಈ ಗೆರೆ ಆ ಸರ್ಕ್ಯೂಟಿನ ಸ್ವಭಾವ. ಎರಡು ಪ್ರೋಬಿನ ಗ್ರೌಂಡ್ ಕ್ಲಿಪ್ಪುಗಳನ್ನ ಮಾತ್ರ ಒಂದೇ ಜಾಗಕ್ಕೆ ಹಾಕಿ. ಒಳಗೆ ಅವೆರಡೂ ಸೇರಿಕೊಂಡಿವೆ. ಒಂದನ್ನ ಡಯೋಡಿನ ಇನ್ನೊಂದು ಕಾಲಿಗೆ ಹಾಕಿದ್ರೆ ಸರ್ಕ್ಯೂಟೇ ಶಾರ್ಟ್ ಆಗುತ್ತೆ. ವಾರಕ್ಕೊಬ್ಬರಾದ್ರೂ ಇದನ್ನ ಮಾಡ್ತಾರೆ.

ಇನ್ನೊಂದು, ಕ್ಲಿಪ್ ಆಗೋದನ್ನ ಕಣ್ಣಾರೆ ನೋಡಬೇಕಾ? ಡಯೋಡ್ ಜಾಗದಲ್ಲಿ ಒಂದು ಕೆಂಪು, ಒಂದು ಹಸಿರು ಎಲ್‌ಇಡಿ ತಲೆ ಬಾಲ ತಿರುಗಿಸಿ ಜೋಡಿ ಹಾಕಿ, ಸರಣಿಗೆ 1 ಕೆ. ಕೆಂಪಿನದು 1.8 ವೋಲ್ಟಿನ ಸುಮಾರು ಕತ್ತರಿಸುತ್ತೆ, ಹಸಿರು ಅದಕ್ಕಿಂತ ಸ್ವಲ್ಪ ಮೇಲೆ. ಯಾವುದು ಕತ್ತರಿಸ್ತಿದೆಯೋ ಅದು ಉರಿಯುತ್ತೆ. ಒಂದನ್ನೇ ಹಾಕಬೇಡಿ, ಎಲ್‌ಇಡಿ ಹಿಮ್ಮುಖವಾಗಿ 5 ವೋಲ್ಟಿಗಿಂತ ಹೆಚ್ಚು ತಡೆಯೋದಿಲ್ಲ. ಜೋಡಿಯಲ್ಲಿ ಒಂದು ಇನ್ನೊಂದನ್ನ ಕಾಯುತ್ತೆ.

ಲ್ಯಾಬಿನ ಹಳೇ ಫಂಕ್ಷನ್ ಜನರೇಟರ್‌ಗಳು ಸೈನ್ ಅಲೆ ಮಾಡೋದೂ ಇದೇ ಉಪಾಯದಿಂದ. ಒಳಗೆ ಮೊದಲು ಹುಟ್ಟೋದು ತ್ರಿಕೋನ ಅಲೆ. ಬೇರೆ ಬೇರೆ ಬಯಾಸಿನ ಹಲವು ಡಯೋಡುಗಳು, ಪ್ರತಿಯೊಂದಕ್ಕೂ ಒಂದು ರೆಸಿಸ್ಟರ್. ಅಲೆ ಏರ್ತಾ ಏರ್ತಾ ಒಂದೊಂದಾಗಿ ದಾರಿ ಬಿಡ್ತವೆ, ಪ್ರತಿ ಸಲವೂ ಏರುವ ಕಡಿದು ಸ್ವಲ್ಪ ಕಡಿಮೆಯಾಗುತ್ತೆ, ತುದಿ ಹೊತ್ತಿಗೆ ತ್ರಿಕೋನದ ಶಿಖರ ಗುಂಡಗಾಗಿರುತ್ತೆ. ನಿಮ್ಮ 100 ಓಮಿನ ಹೊಟ್ಟೆ ತೊಂದರೆ ಅನಿಸ್ತಲ್ಲ, ಇಲ್ಲಿ ಡಯೋಡಿನ ಆ ಮೆತ್ತಗಿನ ತಿರುವೇ ಕೆಲಸಕ್ಕೆ ಬರುತ್ತೆ, ಮೂಲೆಗಳನ್ನ ಸವರುತ್ತೆ.

---

ಮಧುಗಿರಿ ಪ್ಯಾನೆಲ್

ನಾನು ಸ್ಟಾರ್ಟರ್, ಪ್ಯಾನೆಲ್ ಬೋರ್ಡ್ ಕೆಲಸದವನು. ಸರ್ಕ್ಯೂಟ್ ವಿಷಯ ದೊಡ್ಡೋರು ಹೇಳಿದಾರೆ. ತೋಟದಲ್ಲಿ ಆಗೋದನ್ನ ನಾನು ಹೇಳ್ತೀನಿ ಬ್ರದರ್.

ಸ್ಟಾರ್ಟ್ ಆಗೋ ಮುಂಚೆ ಮೂರು ಫೇಸ್ ನೋಡೋದು ಸರಿ. ಆದ್ರೆ ಮೋಟರ್ ಓಡ್ತಿರುವಾಗ ಒಂದು ಫೇಸ್ ಹೋದ್ರೆ ನಿಮ್ಮ ಬೋರ್ಡಿಗೆ ಗೊತ್ತಾಗದೇ ಇರಬಹುದು. ಎರಡು ಫೇಸಲ್ಲಿ ತಿರುಗೋ ಮೋಟರು ಹೋದ ಫೇಸಿನ ವೈರಲ್ಲಿ ತಾನೇ ವೋಲ್ಟೇಜ್ ಹುಟ್ಟಿಸುತ್ತೆ. ಮೀಟರಲ್ಲೂ 200ರ ಆಚೀಚೆ ತೋರಿಸಿರೋದು ನಾನೇ ನೋಡಿದೀನಿ. ಮೂರು ಲೈಟೂ ಉರೀತಿರುತ್ತೆ, ಕೆಳಗೆ ವೈಂಡಿಂಗ್ ಬೇಯ್ತಿರುತ್ತೆ. ಅದಕ್ಕೆ ಓಡುವಾಗ ವೋಲ್ಟೇಜ್ ಅಲ್ಲ, ಕರೆಂಟ್ ನೋಡಬೇಕು. ಮೂರು ವೈರಿಗೂ ಸಣ್ಣ ಸಿಟಿ (ಕರೆಂಟ್ ಅಳೆಯೋ ಟ್ರಾನ್ಸ್‌ಫಾರ್ಮರ್) ಹಾಕಿ. ಸಿಟಿಯ ಔಟ್‌ಪುಟ್ ಯಾವತ್ತೂ ಬಿಚ್ಚಿಡಬೇಡಿ, ಲೋಡ್ ಇಲ್ಲದಿದ್ರೆ ವೋಲ್ಟೇಜ್ ಹುಚ್ಚಾಪಟ್ಟೆ ಏರುತ್ತೆ. ಮೊದಲು ಅದರ ಔಟ್‌ಪುಟ್‌ಗೆ ಲೋಡ್ ಆಗಿ ಬರ್ಡನ್ ರೆಸಿಸ್ಟರ್ ಹಾಕಿ, ಆಮೇಲೆ ವೈರ್ ತೂರಿಸಿ.

ಇನ್ನೊಂದು, ಪಕ್ಕದ ತೋಟದವರು ಎರಡೇ ಫೇಸ್ ಇದ್ದಾಗ ಕೆಪಾಸಿಟರ್ ಹಾಕಿ ಮೋಟರ್ ಓಡಿಸ್ತಾರೆ. ಆಗ ಅದೇ ಲೈನಲ್ಲಿರೋ ನಿಮ್ಮ ಮೂರನೇ ವೈರಲ್ಲೂ ಸುಳ್ಳು ವೋಲ್ಟೇಜ್ ಬರಬಹುದು. ಇದ್ಯೋ ಇಲ್ವೋ ಅಂತ ಮಾತ್ರ ನೋಡಿದ್ರೆ ಮೋಸ ಹೋಗ್ತೀರ.

---

ಗುಬ್ಬಿಗೇಟ್ ರೇಡಿಯೊ

ಮಧುಗಿರಿಯವರು ಹೇಳಿದ್ದು ಬಂಗಾರದಂಥ ಮಾತು. ತಮ್ಮಾ, ಅದನ್ನ ನಿನ್ನ ಪ್ರಾಜೆಕ್ಟ್ ರಿಪೋರ್ಟಿನ ಮೊದಲ ಪುಟದಲ್ಲಿ ಬರಿ.

ಅಲೆ ಕತ್ತರಿಸೋದ್ರ ನಿಜವಾದ ಉಪಯೋಗ ಇಲ್ಲಿದೆ. ಸೈನ್ ಅಲೆಯನ್ನ ಸೊನ್ನೆ ಗೆರೆಗೆ ಹತ್ತಿರ ಕತ್ತರಿಸಿದ್ರೆ ಉಳಿಯೋದು ಬಹುಪಾಲು ಚೌಕ ಅಲೆ. ಚೌಕ ಅಲೆಗೆ ಅಂಚು ಇರುತ್ತೆ, ಅಂಚಿಗೆ ಸಮಯ ಇರುತ್ತೆ. ಮೂರು ಫೇಸಿನ ಅಂಚುಗಳು ಸರಿಯಾಗಿ 6.67 ಮಿಲಿಸೆಕೆಂಡ್ ಅಂತರದಲ್ಲಿ, ಆರ್-ವೈ-ಬಿ (ಕೆಂಪು, ಹಳದಿ, ನೀಲಿ ಫೇಸ್) ಕ್ರಮದಲ್ಲಿ ಬರಬೇಕು. ಸ್ಟಾರ್ಟ್ ಮಾಡೋ ಮುಂಚೆ ಊನೊದಲ್ಲಿ ಅದನ್ನ ಅಳೆ. ಅಂತರ ತಪ್ಪಿದ್ರೆ, ಕ್ರಮ ತಿರುಗಿದ್ರೆ ಸ್ಟಾರ್ಟ್ ಮಾಡಬೇಡ. ಕ್ರಮ ತಿರುಗಿದ್ರೆ ಪಂಪು ಉಲ್ಟಾ ತಿರುಗುತ್ತೆ, ಅದೂ ನಿನಗೆ ಸಿಕ್ಕಿಬೀಳುತ್ತೆ. ಓಡುವಾಗ ಸಿಟಿ ನೋಡಲಿ. ಸಿಟಿಯ ಬರ್ಡನ್ ಮೇಲೆ ಎರಡು 5.1 ವೋಲ್ಟ್ ಜೀನರ್ (ಗೊತ್ತಾದ ವೋಲ್ಟೇಜಿಗೆ ಹಿಮ್ಮುಖವಾಗಿಯೂ ದಾರಿ ಬಿಡೋ ಡಯೋಡ್) ಬೆನ್ನಿಗೆ ಬೆನ್ನು ಹಾಕು, ಎರಡೂ ಕಡೆ 5.8ರ ಆಸುಪಾಸಲ್ಲಿ ನಿಲ್ಲಿಸುತ್ತೆ. ಮೋಟರ್ ಸ್ಟಾರ್ಟಿಂಗ್ ಕರೆಂಟಿನ ನೂಕು ಬಂದಾಗ ಅದು ಬೇಕು. ಅಲ್ಲಿಂದ ಪಿನ್‌ಗೆ ಮತ್ತೆ 10 ಕೆ.

230 ವೋಲ್ಟಿಗೆ ಮಾತ್ರ ಟ್ರಾನ್ಸ್‌ಫಾರ್ಮರ್ ಬದಲು ಪಿಸಿ817 ಆಪ್ಟೊಕಪ್ಲರ್ ಬಳಸು, ಫೇಸಿಗೊಂದು. ಬೆಳಕಿನ ಮೂಲಕವೇ ಸುದ್ದಿ ದಾಟೋದ್ರಿಂದ ಊನೊಗೂ ಲೈನಿಗೂ ಸಂಬಂಧ ಕಡಿಯುತ್ತೆ. ಅದರೊಳಗಿನ ಎಲ್‌ಇಡಿ ಹಿಮ್ಮುಖವಾಗಿ 6 ವೋಲ್ಟು ಮಾತ್ರ ತಡೆಯುತ್ತೆ, ನಿನ್ನ ಲೈನಿನ ಪೀಕು 325. ಹಾಗಾಗಿ ಎಲ್‌ಇಡಿಗೆ ಉಲ್ಟಾ ಒಂದು 1ಎನ್4148 ಡಯೋಡ್ ಕಡ್ಡಾಯ, ಮೇಡಂ ಹೇಳಿದ ಆ ಕೆಂಪು ಹಸಿರು ಜೋಡಿಯ ಹಾಗೇ. ಸರಣಿಗೆ 47 ಕೆ, 1 ವಾಟ್, ಎರಡು. ಒಂದೇ ದೊಡ್ಡದು ಹಾಕಬೇಡ, 325 ವೋಲ್ಟನ್ನ ಎರಡು ಹಂಚಿಕೊಳ್ಳಲಿ. ಫೇಸಿಗೊಂದು ಫ್ಯೂಸ್. ಮೊದಲ ಸಲ ಕನೆಕ್ಷನ್ ಕೊಡುವಾಗ ನಿನ್ನ ಲೆಕ್ಚರರ್ ಇಲ್ಲಾಂದ್ರೆ ಲೈಸೆನ್ಸ್ ಇರೋ ವೈರ್‌ಮನ್ ಪಕ್ಕದಲ್ಲಿರಬೇಕು. ನಿನ್ನ ಕಿಟ್ ಸ್ಕೋಪಿನ ಪ್ರೋಬ್ ಈ ಕಡೆ, ಊನೊ ಕಡೆ ಮಾತ್ರ. ಲೈನ್ ಕಡೆ ತಗೊಂಡೇ ಹೋಗಬೇಡ. ಇದನ್ನ ಗಟ್ಟಿಯಾಗಿ ಹೇಳ್ತಿದೀನಿ.

1ಎನ್4007 ಬದಲು 4148 ಯಾಕೆ ಅಂತ ಮುಂದೆ ಕೇಳ್ತೀಯ. 50 ಹರ್ಟ್ಸಿಗೆ ಎರಡೂ ನಡೆಯುತ್ತೆ. 4007 ಬಾಗಿಲು ಮುಚ್ಚೋಕೆ ಹಲವು ಮೈಕ್ರೊಸೆಕೆಂಡ್ ತಗೊಳ್ಳುತ್ತೆ, 4148ಕ್ಕೆ 4 ನ್ಯಾನೊಸೆಕೆಂಡ್ ಸಾಕು. ನೂರು ಕಿಲೊಹರ್ಟ್ಸಿನ ಅಲೆಗೆ 4007 ಹಾಕಿದ್ರೆ ಕತ್ತರಿಸಬೇಕಾದ ಅರ್ಧದಲ್ಲೂ ತುಂಡು ತುಂಡಾಗಿ ಸಿಗ್ನಲ್ ನುಸುಳುತ್ತೆ. ಸಿಗ್ನಲ್ ಕೆಲಸಕ್ಕೆ ಕೈಗೆ 4148 ಅಭ್ಯಾಸ ಆಗಲಿ.

---

ಗುಬ್ಬಿ ಅಡಿಕೆತೋಟ

ಎಲ್ಲರಿಗೂ ತುಂಬಾ ಧನ್ಯವಾದ. ಸ್ವಿಚ್ ಡಿಸಿಗೆ ಹಾಕಿ, 10 ಮೈಕ್ರೊಫ್ಯಾರಡ್, 100 ಕೆ ಹಾಕ್ದೆ. ಆನ್ ಮಾಡಿದ ತಕ್ಷಣ ಅಲೆ ಎದ್ದು ನಿಂತಿತು! ಕೆಳತುದಿ ಮೈನಸ್ 0.6, ಮೇಲ್ತುದಿ 19 ಚಿಲ್ಲರೆ. ಸ್ವಿಚ್ಚನ್ನ ಎಸಿಗೆ ಜಾರಿಸ್ದೆ, ನಿಧಾನಕ್ಕೆ ತೇಲ್ಕೊಂಡು ಮಧ್ಯಕ್ಕೆ ಇಳೀತು. ಮತ್ತೆ ಡಿಸಿ, ಮತ್ತೆ ಮೇಲೆ. ಹತ್ತು ಸಲ ಮಾಡಿರಬೇಕು. ಅಪ್ಪ ಬಂದು ಏನೋ ಅದು ಅಂದ್ರು, ಕೋಡಿ ಕತೆ ಹೇಳ್ದೆ, ತಕ್ಷಣ ಅರ್ಥ ಆಯ್ತು ಅವರಿಗೆ. "ಹಾಗಾದ್ರೆ ಕೋಡಿ ಗಟ್ಟಿ ಇರಬೇಕು ಕಣೋ" ಅಂದ್ರು.

ಪಿಸಿ817 ಆರು ಮತ್ತೆ 4148 ಇಪ್ಪತ್ತೈದು ತರಿಸ್ಕೊಂಡಿದೀನಿ. ವೈರ್‌ಮನ್ ಅಣ್ಣ ಭಾನುವಾರ ಬರ್ತೀನಿ ಅಂದಿದಾರೆ. ಕೊನೇ ಒಂದು ಪ್ರಶ್ನೆ: ಸ್ಟಾರ್ಟರ್‌ಗೆ ಒಪ್ಪಿಗೆ ಕೊಡೋಕೆ 12 ವೋಲ್ಟ್ ರಿಲೇ, ಅದನ್ನ ಓಡಿಸೋಕೆ ಬಿಸಿ547 ಟ್ರಾನ್ಸಿಸ್ಟರ್. ರಿಲೇ ಕಾಯಿಲ್ ಮೇಲೆ ಎಲ್ಲರೂ ಒಂದು ಡಯೋಡ್ ಹಾಕ್ತಾರಲ್ಲ, ಅದೂ ಇದೇ ಥರದ್ದಾ?

---

ಗುಬ್ಬಿಗೇಟ್ ರೇಡಿಯೊ

ಅದೂ ಇದೇ. ಕಾಯಿಲ್‌ನಲ್ಲಿ ಹರೀತಿದ್ದ ಕರೆಂಟನ್ನ ಟ್ರಾನ್ಸಿಸ್ಟರ್ ಫಕ್ಕನೆ ನಿಲ್ಲಿಸಿದಾಗ, ಕರೆಂಟು ನಿಲ್ಲೋಕೆ ಒಪ್ಪದೆ, ಕಾಯಿಲ್ ಸೇರಿರೋ ಟ್ರಾನ್ಸಿಸ್ಟರ್ ಕಾಲು, ಅಂದ್ರೆ ಕಲೆಕ್ಟರ್ ಮೇಲೆ ನೂರು ವೋಲ್ಟಿಗೂ ಮೇಲೆ ಚಿಮ್ಮುತ್ತೆ. ಬಿಸಿ547 ತಡೆಯೋದು 45. ಡಯೋಡ್ ಹಾಕಿದ್ರೆ ಕಲೆಕ್ಟರ್ 12.7ಕ್ಕೆ ಬಂದ ಕೂಡಲೇ ಕೋಡಿ ಬೀಳುತ್ತೆ, ಕಾಯಿಲ್‌ನ ಕರೆಂಟು ಡಯೋಡಲ್ಲೇ ಸುತ್ತಿ ಸುತ್ತಿ ಕೆಲವು ಮಿಲಿಸೆಕೆಂಡಲ್ಲಿ ಆರಿಹೋಗುತ್ತೆ. ಇದಕ್ಕೆ ನಿನ್ನ ಹತ್ತಿರ ಇರೋ 4007 ಸಾಕು.

ಪಟ್ಟೆ 12 ವೋಲ್ಟಿನ ಪ್ಲಸ್ ಕಡೆ, ಇನ್ನೊಂದು ಕಾಲು ಕಲೆಕ್ಟರಿಗೆ. ಉಲ್ಟಾ ಹಾಕಿದ್ರೆ ರಿಲೇ ಎಳೆಯೋದೇ ಇಲ್ಲ, ಕರೆಂಟೆಲ್ಲ ಡಯೋಡಲ್ಲಿ ನುಗ್ಗಿ ಟ್ರಾನ್ಸಿಸ್ಟರ್ ಮೊದಲ ಸಲಕ್ಕೇ ಹೋಗುತ್ತೆ. ಬೆಸುಗೆ ಹಾಕಿದ ಮೇಲೆ, ಪವರ್ ಕೊಡೋ ಮುಂಚೆ, ಬೋರ್ಡಿನ ಎರಡೂ ಮಗ್ಗುಲು ಫೋಟೊ ತೆಗೆದು ಇಲ್ಲಿ ಹಾಕು. ಶನಿವಾರ ರಾತ್ರಿ ಒಳಗೆ ಹಾಕಿದ್ರೆ ಭಾನುವಾರ ವೈರ್‌ಮನ್ ಬರೋ ಮುಂಚೆ ಪ್ರತಿ ಪಟ್ಟೆಯನ್ನೂ ನೋಡಿ ಹೇಳ್ತೀನಿ.